ಅಪ್ಪನ ಮಳೆ ಲೆಕ್ಕ, ಪೈಥಾನಿನ ಜಿಟ್

ಮನೆಯ ಸ್ಕ್ರಿಪ್ಟ್‌ಗಳನ್ನೆಲ್ಲ ಈಗ ಪೈಥಾನಿನ ಜಿಟ್ ಕಂಪೈಲರ್ (ಪ್ರೋಗ್ರಾಂ ಓಡುತ್ತಿರುವಾಗಲೇ ಅದನ್ನು ಮಷೀನ್ ಕೋಡ್ ಮಾಡುವ ಭಾಗ) ಆನ್ ಮಾಡಿಕೊಂಡೇ ಓಡಿಸುತ್ತಿದ್ದೇನೆ. ಪೈಥಾನ್ 3.13ರಲ್ಲೇ ಇದು ಬಂದಿತ್ತು, ಆದರೆ ಸೋರ್ಸ್ ತಂದು ನಾವೇ ಬಿಲ್ಡ್ ಮಾಡಬೇಕಿತ್ತು. 2025ರ ಅಕ್ಟೋಬರ್‌ನಲ್ಲಿ ಬಂದ 3.14ರಲ್ಲಿ ವಿಂಡೋಸ್, ಮ್ಯಾಕ್‌ಗಳ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಸೇರಿದೆ. ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಅಂತ ಕೊಟ್ಟರೆ ಸಾಕು.

ಎಷ್ಟು ಫಾಸ್ಟ್ ಆಯ್ತು ಅಂತ ಎಲ್ಲರೂ ಕೇಳುತ್ತಾರೆ. 3.14ರ ಬಗ್ಗೆ ಪೈಥಾನ್ ತಂಡದವರೇ ಹೇಳಿದಂತೆ, ಪ್ರೋಗ್ರಾಂ ನೋಡಿಕೊಂಡು 10% ನಿಧಾನವೂ ಆಗಬಹುದು, 20% ಚುರುಕೂ ಆಗಬಹುದು. ನನಗೆ ಹಿಡಿಸಿದ್ದು ಒಳಗೆ ನಡೆಯುವ ಕೆಲಸ.

ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ಅಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಡೈರಿಯಲ್ಲಿ ಬರೆಯುತ್ತಾರೆ, ಇಂಚು ಸೆಂಟ್ ಲೆಕ್ಕದಲ್ಲಿ. ಅದನ್ನೆಲ್ಲ ಜೇಸನ್ ಫೈಲಿಗೆ ಹಾಕಿದ್ದೇನೆ. ಮಳೆ ಬಂದ ದಿನ 1.45, ಬಾರದ ದಿನ ಸುಮ್ನೆ 0. ಲೂಪ್‌ನಲ್ಲಿ ಇರುವುದು ಒಂದೇ ಕೆಲಸ: ಮೊತ್ತಕ್ಕೆ ಆ ದಿನದ ಮಳೆ ಸೇರಿಸುವುದು.

ಪೈಥಾನಿಗೆ ಈ ಕೂಡಿಸುವ ಕೆಲಸ ಅಷ್ಟು ಸುಲಭ ಅಲ್ಲ. ಬಂದದ್ದು ಇಂಟಿಜರಾ (ಪೂರ್ಣಾಂಕ), ಫ್ಲೋಟಾ (ದಶಮಾಂಶ ಸಂಖ್ಯೆ), ಸ್ಟ್ರಿಂಗಾ (ಅಕ್ಷರಗಳ ಸಾಲು) ಅಂತ ಪ್ರತಿ ಸಲ ನೋಡಬೇಕು. 3.11ರಿಂದ, ಪ್ರೋಗ್ರಾಂ ಓಡಿಸುವ ಇಂಟರ್‌ಪ್ರಿಟರ್ ಇದನ್ನು ಗಮನಿಸುತ್ತಾ ಹೋಗುತ್ತದೆ. ಎರಡೂ ಕಡೆ ಫ್ಲೋಟೇ ಬರುತ್ತಿದ್ದರೆ, ಆ ಬೈಟ್‌ಕೋಡ್ (ಇಂಟರ್‌ಪ್ರಿಟರ್ ಓಡಿಸುವ ಸಣ್ಣ ಆಜ್ಞೆ) ತೆಗೆದು ಫ್ಲೋಟ್‌ಗೆಂದೇ ಇರುವ ಇನ್ನೊಂದನ್ನು ಕೂರಿಸುತ್ತದೆ. ಬೈಟ್‌ಕೋಡ್ ತೋರಿಸುವ ಡಿಸ್ ಮಾಡ್ಯೂಲಿನಲ್ಲಿ ಅಡಾಪ್ಟಿವ್ ಆನ್ ಮಾಡಿದರೆ, ‘ಬೈನರಿ ಆಪ್’ ಇದ್ದ ಕಡೆ ‘ಬೈನರಿ ಆಪ್ ಆಡ್ ಫ್ಲೋಟ್’ ಕಣ್ಣಿಗೇ ಕಾಣುತ್ತದೆ. ಆಮೇಲೆ ಉಳಿಯುವುದು ಎರಡೂ ಫ್ಲೋಟ್ ಹೌದಾ ಅನ್ನೋ ಪುಟ್ಟ ಚೆಕ್ ಮಾತ್ರ. ಫೆಬ್ರುವರಿಯ 0 (ಅದು ಇಂಟಿಜರ್) ಸಿಕ್ಕಿತೋ, ಆ ಚೆಕ್ ಫೇಲ್, ಮತ್ತೆ ಹಳೇ ದಾರಿ. ಅದಕ್ಕೇ ಫೈಲ್ ಓದುವಾಗಲೇ ಎಲ್ಲವನ್ನೂ ಫ್ಲೋಟ್ ಮಾಡುತ್ತೇನೆ. ಆಗ ಜುಲೈ, ಫೆಬ್ರುವರಿ ಎರಡಕ್ಕೂ ಒಂದೇ ದಾರಿ.

ಜಿಟ್ ನಿಂತಿರುವುದು ಇದರ ಮೇಲೆಯೇ. ಮತ್ತೆ ಮತ್ತೆ ಓಡುವ ಲೂಪ್ ಸಿಕ್ಕರೆ ಅದರ ಬೈಟ್‌ಕೋಡನ್ನು ಇನ್ನೂ ಚಿಕ್ಕ ಹೆಜ್ಜೆಗಳಾಗಿ ಒಡೆದು, ಬೇಡದ ಚೆಕ್‌ಗಳನ್ನು ಕಿತ್ತು, ಮಷೀನ್ ಕೋಡ್ ಮಾಡುತ್ತದೆ. ಹೇಗೆ ಅನ್ನುವುದೇ ಚಂದ. ಪ್ರತಿ ಹೆಜ್ಜೆಯ ಮಷೀನ್ ಕೋಡನ್ನು ಪೈಥಾನ್ ಬಿಲ್ಡ್ ಆಗುವಾಗಲೇ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಸಾಫ್ಟ್‌ವೇರ್ ತಯಾರು ಮಾಡಿಟ್ಟಿರುತ್ತದೆ, ಅಚ್ಚು ಹಾಕಿದ ಅರ್ಜಿ ಫಾರಂ ಥರ, ಖಾಲಿ ಜಾಗ ಬಿಟ್ಟು. ಓಡುವಾಗ ಅದನ್ನು ಕಾಪಿ ಮಾಡಿ, ಖಾಲಿ ಜಾಗದಲ್ಲಿ ಅಡ್ರೆಸ್ಸು, ಬೆಲೆಗಳನ್ನು ತುಂಬಿದರೆ ಮುಗಿಯಿತು. ನಮ್ಮ ಕಂಪ್ಯೂಟರಿನಲ್ಲಿ ಎಲ್‌ಎಲ್‌ವಿಎಂ ಇರಬೇಕಿಲ್ಲ. ಕಾಪಿ ಅಂಡ್ ಪ್ಯಾಚ್ ಎಂಬ ಈ ವಿಧಾನದ ಪ್ರಬಂಧ ಬಂದದ್ದು 2021ರಲ್ಲಿ. ಪೈಥಾನಿಗೆ ತಂದವರು ಪೈಥಾನ್ ತಂಡದ ಬ್ರಾಂಟ್ ಬುಕರ್.

ಇಂಟರ್‌ಪ್ರಿಟರ್‌ಗೂ ಜಿಟ್‌ಗೂ ಹೆಜ್ಜೆಗಳ ವಿವರಣೆ ಒಂದೇ. ಎರಡು ಕಡೆ ಬರೆಯಬೇಕಿಲ್ಲ. ಸ್ವಯಂಸೇವಕರು ನೋಡಿಕೊಳ್ಳುವ ಪ್ರಾಜೆಕ್ಟ್‌ಗೆ ಇದು ದೊಡ್ಡ ವಿಷಯ ಅಲ್ವಾ? 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ ಮೇಲೂ ಈ ಕೆಲಸ ನಿಂತಿಲ್ಲ. ಅದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಆಫೀಸಿನ ಸರ್ವರ್‌ನಲ್ಲಿ ಮಾತ್ರ ಇನ್ನೂ ಆನ್ ಮಾಡುವುದಿಲ್ಲ. 3.14ರಲ್ಲಿ ಜಿಟ್ ಮಾಡಿದ ಕೋಡಿನ ಫ್ರೇಮ್‌ಗಳನ್ನು (ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಅನ್ನುವ ದಾಖಲೆ) ದಾಟಿ ನೋಡಲು ಜಿಡಿಬಿ (ತಪ್ಪು ಹುಡುಕುವ ಟೂಲ್), ಪರ್ಫ್ (ವೇಗ ಅಳೆಯುವ ಟೂಲ್)ಗಳಿಗೆ ಆಗುವುದಿಲ್ಲ. ರಾತ್ರಿ ಸರ್ವರ್ ಕೆಟ್ಟರೆ ನಮಗೆ ಮೊದಲು ಬೇಕಾಗುವುದು ಅವೇ.