ಪೋರ್ಟ್‌ಲ್ಯಾಂಡಿನ ಕೋರ್ಟಿನಲ್ಲಿ ಒಂದು ದಿನ

ಹಿಲ್ಸ್‌ಬರೋದಲ್ಲಿ ಮ್ಯಾಕ್ಸ್ ರೈಲು ಹತ್ತಿದಾಗ ಬೆಳಗಿನ ಏಳೂವರೆ, ಹೊರಗೆ ಸಣ್ಣ ಜಿಟಿಜಿಟಿ. ತಂಗಿಯ ಮಗಳು ರೇಷ್ಮೆ ಸೀರೆ ಉಟ್ಟು ಮೇಲೊಂದು ಮಳೆ ಜಾಕೆಟ್ ತೊಟ್ಟಿದ್ದಳು. "ದೊಡ್ಡಮ್ಮ, ಗ್ರೀನ್ ಕಾರ್ಡ್ ಇದೆಯಾ ನೋಡು" ಅಂತ ಮೂರು ಸಲ ಚೀಲ ಬಿಚ್ಚಿಸಿದಳು. ಅವತ್ತು ಅವಳು ಅಮೆರಿಕದ ಪ್ರಜೆಯಾಗುವ ದಿನ. ಪ್ರಮಾಣವಚನ ಕೋರ್ಟಿನಲ್ಲಿ, ಜಡ್ಜ್ ಎದುರು ಎಂದು ಕೇಳಿದ ಮೇಲೆ ನಾನು ಮನೆಯಲ್ಲಿ ಕೂರುವುದುಂಟೇ? ಸಾಗರದ ಕೋರ್ಟಿನಲ್ಲಿ ಶಿರಸ್ತೇದಾರ್ ಆಗಿ ನಿವೃತ್ತಳಾದವಳು ನಾನು.

ನಮ್ಮಲ್ಲಿ ಕೇಂದ್ರದ ಕಾಯ್ದೆ ಇರಲಿ, ರಾಜ್ಯದ್ದಿರಲಿ, ಸಾಮಾನ್ಯವಾಗಿ ವಿಚಾರಣೆ ಅದೇ ತಾಲೂಕು, ಜಿಲ್ಲಾ ಕೋರ್ಟಿನಲ್ಲೇ. ಅಮೆರಿಕದಲ್ಲಿ ರಾಜ್ಯದ ಕೋರ್ಟುಗಳೇ ಬೇರೆ, ಒಕ್ಕೂಟದವೇ ಬೇರೆ. ಒಕ್ಕೂಟದ ವಿಚಾರಣಾ ಕೋರ್ಟುಗಳು ದೇಶಕ್ಕೆಲ್ಲ 94. ಪೋರ್ಟ್‌ಲ್ಯಾಂಡ್ ಇರುವ ಆರೆಗಾನ್ ರಾಜ್ಯಕ್ಕೆ ಒಂದು. ಆ ರಾಜ್ಯ ಹುಟ್ಟಿದ 1859ರಲ್ಲೇ ಈ ಕೋರ್ಟೂ ಹುಟ್ಟಿತು. ಮೊದಲ ಜಡ್ಜ್ ಮ್ಯಾಥ್ಯೂ ಡೆಡಿ 1893ರಲ್ಲಿ ತೀರಿಕೊಳ್ಳುವವರೆಗೂ ಅದೇ ಪೀಠದಲ್ಲಿದ್ದರು. ಈಗ ಪೋರ್ಟ್‌ಲ್ಯಾಂಡ್, ಯೂಜೀನ್, ಮೆಡ್‌ಫರ್ಡ್, ಪೆಂಡಲ್ಟನ್ ಎಂದು ನಾಲ್ಕು ವಿಭಾಗಗಳು.

ನಾವು ಹೋದದ್ದು ಈ ಕೋರ್ಟು ನಡೆಯುವ, ಆರೆಗಾನಿನ ಸೆನೆಟರ್ ಆಗಿದ್ದ ಮಾರ್ಕ್ ಹ್ಯಾಟ್‌ಫೀಲ್ಡ್ ಹೆಸರಿನ, 1997ರಲ್ಲಿ ತೆರೆದ, 16 ಅಂತಸ್ತಿನ ಕಟ್ಟಡಕ್ಕೆ. ಬಾಗಿಲಲ್ಲಿ ತಪಾಸಣೆ ಮುಗಿಸಿ ಒಳಗೆ ಹೋದರೆ ಮೇಜಿನ ಹಿಂದೆ ಕೂತಿದ್ದ ಹೆಂಗಸು ಗ್ರೀನ್ ಕಾರ್ಡ್ ಇಸಿದುಕೊಂಡು, ಕೈಗೊಂದು ಪುಟ್ಟ ಬಾವುಟ ಕೊಟ್ಟಳು. ಹತ್ತು ವರ್ಷ ಜೋಪಾನ ಮಾಡಿದ ಕಾರ್ಡು ಒಂದು ರಟ್ಟಿನ ಡಬ್ಬಿಗೆ ಬಿತ್ತು. ಒಂದೊಂದೇ ದೇಶದ ಹೆಸರು ಕರೆದಂತೆ ಆಯಾ ದೇಶದವರು ಎದ್ದು ನಿಂತರು. "ಇಂಡಿಯಾ" ಎಂದಾಗ ಇವಳು ಎದ್ದಳು. ನನ್ನ ಗಂಟಲು ಕಟ್ಟಿತು. ಬಲಗೈ ಎತ್ತಿ, ಹಿಂದಿನ ದೇಶದ ನಿಷ್ಠೆಯನ್ನು ತೊರೆಯುತ್ತೇನೆ ಎಂದು ಎಲ್ಲರೂ ಒಟ್ಟಿಗೆ ಹೇಳಿದರು.

ಸಮಾರಂಭ ಮುಗಿದ ಮೇಲೆ ಹಳೆಯ ಚಾಳಿ ಬಿಡದೆ ಕ್ಲರ್ಕ್ ಕಚೇರಿ ಹೊಕ್ಕೆ. ಸಾರ್ವಜನಿಕರಿಗೆಂದೇ ಇಟ್ಟ ಕಂಪ್ಯೂಟರಿನಲ್ಲಿ ಮೊಹರು ಮಾಡಿಡದ ಯಾವ ಕೇಸಿನ ಕಡತವನ್ನಾದರೂ ಪುಕ್ಕಟೆ ಓದಬಹುದು. ಮುದ್ರಿಸಿಕೊಂಡರೆ ಪುಟಕ್ಕೆ 10 ಸೆಂಟ್. ನಕಲು ಅರ್ಜಿಗಳ ಕಟ್ಟು ಹೊತ್ತು ಓಡಾಡಿದ ನನಗೆ ಅದರ ಬೆಲೆ ಗೊತ್ತು. ವಕೀಲರಿಲ್ಲದೆ ದಾವೆ ಹೂಡುವವರಿಗೆ ಸಿದ್ಧ ನಮೂನೆಗಳಿವೆ. ಶುಲ್ಕ ಕಟ್ಟಲಾಗದವರು ಮಾಫಿ ಕೇಳಿ ಅರ್ಜಿ ಹಾಕಬಹುದು. ಕೇಸು ಕೇಳಿ ತೀರ್ಪು ಹೇಳುವ ಸಾಮಾನ್ಯ ಪ್ರಜೆಗಳ ಮಂಡಳಿಯಲ್ಲಿ, ಅಂದರೆ ಜ್ಯೂರಿಯಲ್ಲಿ, ಕೂತವರಿಗೆ ದಿನಕ್ಕೆ 50 ಡಾಲರ್ ಭತ್ಯೆ. ಇನ್ನು ಮೇಲೆ ಇವಳಿಗೂ ಆ ಕರೆ ಬರಬಹುದು.

ನನ್ನ ಜೀವ ಎಳೆಯುತ್ತಿದ್ದದ್ದು ಮಾತ್ರ ಹಳೆಯ ಕಟ್ಟಡದ ಕಡೆಗೆ. ಹತ್ತು ನಿಮಿಷದ ನಡಿಗೆ. ಪಯನಿಯರ್ ಕೋರ್ಟ್‌ಹೌಸ್ 1875ರಲ್ಲಿ ಪೂರ್ತಿಯಾದ ಕಲ್ಲಿನ ಕಟ್ಟಡ, ನೆತ್ತಿಯ ಮೇಲೊಂದು ಎಂಟು ಮೂಲೆಯ ಗೋಪುರ. 1933ರಲ್ಲಿ ಬೇರೆ ಕಟ್ಟಡಕ್ಕೆ ಹೋಗುವವರೆಗೆ ಈ ವಿಚಾರಣಾ ಕೋರ್ಟು ಇಲ್ಲಿತ್ತು. ಈಗ ಮೇಲ್ಮನವಿ ಕೋರ್ಟು ಬಳಸುತ್ತಿದೆ.

1920ರಲ್ಲಿ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿಕೊಂಡು ಬಂದದ್ದು ಈ ಕೋರ್ಟಿಗೇ. ಪಂಜಾಬಿನವರು, ಆರೆಗಾನಿನ ಮರದ ಮಿಲ್ಲುಗಳಲ್ಲಿ ದುಡಿದವರು, ಮೊದಲ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಸೈನ್ಯದಲ್ಲಿ ಪೇಟ ಸುತ್ತಿಕೊಂಡೇ ಇದ್ದವರು. ಭಾರತದಲ್ಲಿ ಬ್ರಿಟಿಷ್ ಆಳ್ವಿಕೆ ಕೊನೆಗಾಣಿಸಲು ಹೊರಟಿದ್ದ ಗದರ್ ಚಳವಳಿಯ ನಂಟಿದೆ ಎಂದು ಸರ್ಕಾರದ ಕಡೆಯಿಂದ ಆಕ್ಷೇಪಣೆ ಬಂತು. ಜಡ್ಜ್ ಚಾರ್ಲ್ಸ್ ವುಲ್ವರ್ಟನ್ ಅದನ್ನು ತಳ್ಳಿಹಾಕಿ ಪೌರತ್ವ ಕೊಟ್ಟರು. 1923ರಲ್ಲಿ ಸುಪ್ರೀಂ ಕೋರ್ಟು, ಆಗಿನ ಪೌರತ್ವ ಕಾಯ್ದೆಯಲ್ಲಿದ್ದ "ಬಿಳಿಯ" ಎಂಬ ಮಾತಿಗೆ ಭಾರತೀಯರು ಸೇರುವುದಿಲ್ಲ ಎಂದಿತು. ಥಿಂಡ್ ಅವರದ್ದಷ್ಟೇ ಅಲ್ಲ, ಹತ್ತಾರು ಭಾರತೀಯರ ಪೌರತ್ವ ಹೋಯಿತು. ಕಟಕಟೆಯಲ್ಲಿ ನಿಂತ ಮನುಷ್ಯನ ಮುಖ ನೋಡುವುದು ಕೆಳಗಿನ ಕೋರ್ಟು ಮಾತ್ರ. ಮೇಲೆ ಹೋದ ಹಾಗೆ ಉಳಿಯುವುದು ಕಾಗದ. ಮೂವತ್ತು ವರ್ಷ ಕಡತ ಕಟ್ಟಿದ ನನ್ನ ನಂಬಿಕೆ ಇದು.

ಹಾಗಂತ ಕೆಳಗಿನ ಕೋರ್ಟು ತಪ್ಪೇ ಮಾಡಿಲ್ಲ ಅನ್ನಲಾರೆ. ಇದೇ ಊರಿನ ವಕೀಲ ಮಿನೋರು ಯಸೂಯಿ ಅಮೆರಿಕದಲ್ಲೇ ಹುಟ್ಟಿದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದವರ ಮೇಲೆ ಹೇರಿದ್ದ ರಾತ್ರಿ ಕರ್ಫ್ಯೂ ಪ್ರಶ್ನಿಸಲೆಂದೇ 1942ರ ಮಾರ್ಚ್ 28ರ ರಾತ್ರಿ ಬೀದಿಯಲ್ಲಿ ನಡೆದಾಡಿದರು. ಯಾರೂ ಹಿಡಿಯದಿದ್ದಾಗ ತಾವೇ ಠಾಣೆಗೆ ಹೋದರು! ಪ್ರಜೆಗಳ ಮೇಲೆ ಆ ಕರ್ಫ್ಯೂ ನಿಲ್ಲದು ಎಂದ ಜಡ್ಜ್ ಜೇಮ್ಸ್ ಆಲ್ಜರ್ ಫೀ, ಜಪಾನಿನ ಕಾನ್ಸುಲೇಟಿನಲ್ಲಿ ಕೆಲಸ ಮಾಡಿದ್ದರಿಂದ ಯಸೂಯಿ ಪೌರತ್ವವನ್ನೇ ಬಿಟ್ಟುಕೊಟ್ಟಂತಾಯಿತು ಎಂದು ಶಿಕ್ಷೆ ಕೊಟ್ಟರು. ಒಂಬತ್ತು ತಿಂಗಳು ಒಂಟಿ ಕೋಣೆ. 1943ರಲ್ಲಿ ಸುಪ್ರೀಂ ಕೋರ್ಟು ಕರ್ಫ್ಯೂವನ್ನು ಎತ್ತಿಹಿಡಿಯಿತು. ಆ ಶಿಕ್ಷೆಯ ತೀರ್ಪನ್ನು ಇದೇ ಕೋರ್ಟು ರದ್ದು ಮಾಡಿದ್ದು 1984ರಲ್ಲಿ. ಸರ್ಕಾರ ಮಾಡಿದ ಅನ್ಯಾಯದ ಬಗ್ಗೆ ಮಾತ್ರ ಒಂದು ಮಾತೂ ಬರೆಯಲಿಲ್ಲ. ಅದಕ್ಕಾಗಿ ಯಸೂಯಿ ಮೇಲ್ಮನವಿ ಹಾಕಿದರು. ಅದು ಇತ್ಯರ್ಥವಾಗುವ ಮುಂಚೆ, 1986ರಲ್ಲಿ, ಹೋಗಿಬಿಟ್ಟರು.

ಗೋಪುರಕ್ಕೆ ಹತ್ತಿ ಗಾಜಿನಾಚೆ ನೋಡಿದರೆ ಕೆಳಗೆ ಚೌಕ, ಬಣ್ಣಬಣ್ಣದ ಛತ್ರಿಗಳು.

"ಥಿಂಡ್ ಆಮೇಲೆ ಏನಾದ್ರು ದೊಡ್ಡಮ್ಮ?"

"ಮಾಜಿ ಸೈನಿಕರಿಗೆ ಅಂತ 1935ರಲ್ಲಿ ಕಾಯ್ದೆ ಬಂತಲ್ಲ, ಮಾರನೇ ವರ್ಷ ನ್ಯೂಯಾರ್ಕಿನಲ್ಲಿ ಮತ್ತೆ ಸಿಕ್ತು. ಉಳಿದ ಭಾರತೀಯರಿಗೆ 1946ರ ತನಕ ಇಲ್ಲ."

ಅವಳು ಮಾತಾಡಲಿಲ್ಲ. ಚೀಲದಿಂದ ನೀಲಿ ಪಾಸ್‌ಪೋರ್ಟ್ ತೆಗೆದು, ಸಿಂಹದ ಲಾಂಛನದ ಮೇಲೆ ಬೆರಳಾಡಿಸಿದಳು. "ಇದನ್ನ ವಾಪಸ್ ಒಪ್ಪಿಸ್ಬೇಕು" ಅಂದಳು. ಆಮೇಲೆ ಪೌರತ್ವದ ಪತ್ರವನ್ನೂ ಅದನ್ನೂ ಒಂದೇ ಲಕೋಟೆಗೆ ಹಾಕಿ, ಮಳೆಗೆ ನೆನೆಯದ ಹಾಗೆ ಜಾಕೆಟ್ಟಿನೊಳಗೆ ಇಟ್ಟುಕೊಂಡಳು.