ಮರಿ ಹುಂಜವೋ ಹ್ಯಾಟೆಯೋ: ಮೊದಲು ತಳಿ ನೋಡಿ

ಹಿತ್ತಿಲಿಗೆ ಹೊಸ ಕೋಳಿಮರಿಗಳು ಬಂದಾಗ ಎರಡು ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ. ಇವು ಯಾವ ತಳಿಯವು, ಇವುಗಳಲ್ಲಿ ಹುಂಜವೆಷ್ಟು, ಹ್ಯಾಟೆಯೆಷ್ಟು. ಬಹಳ ಮಂದಿ ಎರಡನೆಯದಕ್ಕೇ ಮೊದಲು ಉತ್ತರ ಹುಡುಕುತ್ತಾರೆ. ಮೊಟ್ಟೆಯ ಲೆಕ್ಕವೂ ಸಾರಿನ ಲೆಕ್ಕವೂ ಅದರ ಮೇಲೇ ನಿಂತಿರುವುದರಿಂದ ಅದು ಸಹಜ. ಆದರೆ ವರ್ಷಗಳಿಂದ ಹಲವು ಬಗೆಯ ಮರಿಗಳನ್ನು ಸಾಕಿ ನೋಡಿದ ಮೇಲೆ ನನಗೆ ಅನಿಸಿರುವುದೆಂದರೆ, ತಳಿಯ ಅಂದಾಜಿಲ್ಲದೆ ಗಂಡು ಹೆಣ್ಣು ಹೇಳಹೊರಟವರು ಅರ್ಧಕ್ಕರ್ಧ ಊಹೆಯಲ್ಲೇ ಉಳಿಯುತ್ತಾರೆ, ಏಕೆಂದರೆ ಒಂದು ತಳಿಯಲ್ಲಿ ಹುಂಜದ ಗುರುತಾಗಿರುವುದು ಇನ್ನೊಂದರಲ್ಲಿ ಹ್ಯಾಟೆಗೂ ಇರುತ್ತದೆ.

ನಮ್ಮಲ್ಲಿ ನಾಟಿ ಎನ್ನುವುದು ಒಂದು ತಳಿಯಲ್ಲ. ಊರೂರಲ್ಲಿ ತಲೆಮಾರುಗಳಿಂದ ತಮ್ಮಷ್ಟಕ್ಕೆ ಕೂಡಿಕೊಂಡು ಬಂದ ಕೋಳಿಗಳಿಗೆಲ್ಲ ಅದೇ ಹೆಸರು. ಒಂದೇ ತಾಯಿಯ ಕಾವಿನಿಂದ ಕಪ್ಪು, ಬೂದು, ಕೆಂಪು, ಬೆನ್ನಮೇಲೆ ಪಟ್ಟೆಯುಳ್ಳ ಮರಿಗಳು ಒಟ್ಟಿಗೆ ಹೊರಬರುತ್ತವೆ. ಹಾಗಾಗಿ ನಾಟಿಮರಿಗೆ ಬಣ್ಣ ನೋಡಿ ತಳಿಯ ಹೆಸರು ಕೊಡುವುದರಲ್ಲಿ ಅರ್ಥವಿಲ್ಲ. ಸಂತೆಯಲ್ಲಿ ನಾಟಿ ಎಂದು ಮಾರುವ ಮರಿಗಳಲ್ಲಿ ಗಿರಿರಾಜ ಸೇರಿಕೊಂಡಿರುವುದೂ ಉಂಟು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡು 1989ರಲ್ಲಿ ಬಿಡುಗಡೆಯಾದ ಈ ಕೋಳಿಗೂ ಹಲವು ಬಣ್ಣಗಳಿವೆ. ಪುಕ್ಕ ನೋಡಿದರೆ ನಾಟಿಯೇ. ಗುರುತು ಸಿಗುವುದು ಕಾಲಿನಲ್ಲಿ ಮತ್ತು ಬೆಳವಣಿಗೆಯಲ್ಲಿ. ಗಿರಿರಾಜದ ಮರಿಯ ಕಾಲು ದಪ್ಪ, ಎದೆ ಅಗಲ, ಮೂರು ನಾಲ್ಕು ವಾರ ಕಳೆಯುವುದರೊಳಗೆ ಜೊತೆಯ ನಾಟಿಮರಿಗಳನ್ನು ಹಿಂದೆ ಹಾಕಿರುತ್ತದೆ. ಅದೇ ಹೆಬ್ಬಾಳದ ಸ್ವರ್ಣಧಾರದ ಮೈ ಸ್ವಲ್ಪ ಹಗುರ, ಮೊಟ್ಟೆ ಹೆಚ್ಚು. ಇವು ಬೇರೆ ಬೇರೆ ವಂಶದ ಸಾಲುಗಳನ್ನು ಕೂಡಿಸಿ ಪಡೆದ ಮಿಶ್ರತಳಿಗಳಾದ್ದರಿಂದ, ನಮ್ಮ ಹಿತ್ತಿಲಲ್ಲೇ ಗಿರಿರಾಜದ ಹುಂಜ ಹ್ಯಾಟೆ ಕೂಡಿ ಹುಟ್ಟಿದ ಮರಿಗಳಲ್ಲಿ ತಾಯ್ತಂದೆಯರ ಗುಣ ಹಾಗೆಯೇ ಉಳಿಯುವುದಿಲ್ಲ, ಅವನ್ನು ಗಿರಿರಾಜವೆಂದು ಮಾರುವುದೂ ಸರಿಯಲ್ಲ.

ಹುಟ್ಟಿದ ದಿನವೇ ಹೇಳಿಬಿಡಬಹುದಾದ ಗುರುತುಗಳೂ ಇವೆ. ಬೋಳುಕುತ್ತಿಗೆಯ ಕೋಳಿಯ ಮರಿಗೆ ಮೊಟ್ಟೆಯಿಂದ ಬರುವಾಗಲೇ ಕುತ್ತಿಗೆ ಬೋಳು. ಕುತ್ತಿಗೆಯ ಮುಂಭಾಗದಲ್ಲಿ ಸಣ್ಣ ಕುಚ್ಚು ಉಳಿದಿದ್ದರೆ ಆ ಗುಣ ತಾಯಿ ಅಥವಾ ತಂದೆ, ಒಬ್ಬರಿಂದ ಮಾತ್ರ ಬಂದಿದೆ ಎಂದರ್ಥ. ಕಾಳಗದ ಅಸೀಲ್ ತಳಿಯ ಮರಿಯಲ್ಲಿ ಎದ್ದುನಿಲ್ಲುವ ಗರಗಸದಂಥ ಜುಟ್ಟಿರುವುದಿಲ್ಲ, ನೆತ್ತಿಗಂಟಿಕೊಂಡ ಮೂರು ಸಾಲಿನ ಗಿಡ್ಡ ಜುಟ್ಟಿರುತ್ತದೆ. ಮಧ್ಯಪ್ರದೇಶದ ಝಾಬುವಾ ಕಡೆಯಿಂದ ಬಂದ, 2018ರಲ್ಲಿ ಭೌಗೋಳಿಕ ಗುರುತು ಪಡೆದ ಕಡಕ್‌ನಾಥ್‌ನ ಮರಿ ನೀಲಿಗಪ್ಪು. ಆದರೆ ಕಪ್ಪು ಪುಕ್ಕವೊಂದೇ ಸಾಕ್ಷಿಯಲ್ಲ. ಬಾಯಿ ತೆರೆಸಿ ನಾಲಿಗೆ ನೋಡಬೇಕು, ರೆಕ್ಕೆ ಎತ್ತಿ ಚರ್ಮ ನೋಡಬೇಕು, ಕಾಲು ನೋಡಬೇಕು, ಎಲ್ಲವೂ ಕಪ್ಪಾಗಿರಬೇಕು. ಕಡಕ್‌ನಾಥ್ ಹುಂಜವನ್ನು ಬಿಳಿ ಅಥವಾ ಹಳದಿ ಕಾಲಿನ ಹ್ಯಾಟೆಗೆ ಬಿಟ್ಟರೆ ಸಾಮಾನ್ಯವಾಗಿ ಹೆಣ್ಣುಮರಿಗಳ ಚರ್ಮ ಕಪ್ಪಾಗಿಯೂ ಗಂಡುಮರಿಗಳದು ತಿಳಿಯಾಗಿಯೂ ಇರುತ್ತದೆ. ಕಪ್ಪನ್ನು ತಡೆಯುವ ಗುಣವನ್ನು ತಾಯಿ ತನ್ನ ಗಂಡುಮಕ್ಕಳಿಗೆ ಮಾತ್ರ ದಾಟಿಸುವುದೇ ಇದಕ್ಕೆ ಕಾರಣ. ಈ ಮಿಶ್ರಣದಲ್ಲಿ ಮಾತ್ರ ತಳಿಯ ಪರೀಕ್ಷೆಯೇ ಲಿಂಗದ ಪರೀಕ್ಷೆಯೂ ಆಗುತ್ತದೆ.

ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವುಗಳಲ್ಲಿ ಬಹುಪಾಲು ಮೊಟ್ಟೆಕೋಳಿಯ ಹ್ಯಾಚರಿಗಳು ಬೇಡವೆಂದು ಬಿಟ್ಟ ಗಂಡುಮರಿಗಳು.

ಒಂದು ದಿನದ ಮರಿಯ ಲಿಂಗ ಹೇಳುತ್ತೇವೆನ್ನುವ ಉಪಾಯಗಳು ಹಳ್ಳಿಯಲ್ಲಿ ಬೇಕಾದಷ್ಟಿವೆ: ಚೂಪು ಮೊಟ್ಟೆ ಹುಂಜ, ಗುಂಡು ಮೊಟ್ಟೆ ಹ್ಯಾಟೆ; ದಾರಕ್ಕೆ ಕಟ್ಟಿದ ಉಂಗುರ ಸುತ್ತಿದರೆ ಹೆಣ್ಣು. ಮೊಟ್ಟೆಯ ಆಕಾರ ತಾಯಿಯ ಗುಣವೇ ಹೊರತು ಒಳಗಿನ ಮರಿಯದಲ್ಲ. ಹ್ಯಾಚರಿಗಳಲ್ಲಿ ಗುದದ್ವಾರವನ್ನು ಮೆಲ್ಲನೆ ಅರಳಿಸಿ ನೋಡುವ ವಿಧಾನವನ್ನು 1920ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ರೂಪಿಸಿದರು. ಅದಕ್ಕೆ ದೀರ್ಘ ತರಬೇತಿ ಬೇಕು; ಮನೆಯಲ್ಲಿ ಪ್ರಯತ್ನಿಸಿದರೆ ಮರಿ ಸಾಯುವ ಅಪಾಯವಿದೆ. ರೆಕ್ಕೆಯ ಗರಿಯ ಉದ್ದ ನೋಡುವ ವಿಧಾನ ಅಂತರ್ಜಾಲದ ವಿಡಿಯೋಗಳಿಂದಾಗಿ ಈಗ ಎಲ್ಲರಿಗೂ ಗೊತ್ತು. ಗರಿಗಳು ಎರಡು ಸಾಲಿನಲ್ಲಿ ಉದ್ದ ಗಿಡ್ಡವಾಗಿದ್ದರೆ ಹೆಣ್ಣು, ಸಮವಾಗಿದ್ದರೆ ಗಂಡು ಎನ್ನುತ್ತಾರೆ. ಇದು ನಿಜ, ಆದರೆ ಬೇಗ ಗರಿ ಬರುವ ಸಾಲಿನ ಹುಂಜವನ್ನು ತಡವಾಗಿ ಗರಿ ಬರುವ ಸಾಲಿನ ಹ್ಯಾಟೆಯೊಂದಿಗೆ ಬೇಕೆಂದೇ ಕೂಡಿಸಿ ಪಡೆದ ಮರಿಗಳಲ್ಲಿ ಮಾತ್ರ ನಿಜ. ನಾಟಿಮರಿಯ ರೆಕ್ಕೆ ಬಿಡಿಸಿ ಹೀಗೆ ತೀರ್ಪು ಕೊಡುವುದೂ ನಾಣ್ಯ ಚಿಮ್ಮುವುದೂ ಒಂದೇ.

ಹೀಗಾಗಿ ಕಾಯುವುದೇ ದಾರಿ. ಸಾಮಾನ್ಯ ಗರಗಸಜುಟ್ಟಿನ ನಾಟಿಯಲ್ಲಿ ನಾಲ್ಕನೆಯ ವಾರದ ಹೊತ್ತಿಗೆ ಗಂಡುಮರಿಯ ಜುಟ್ಟು ದಪ್ಪವಾಗಿ ನಸುಗೆಂಪಾಗುತ್ತದೆ, ಆರರಿಂದ ಎಂಟು ವಾರಕ್ಕೆ ಗದ್ದದ ಜೋಲೂ ಕೆಂಪೇರುತ್ತದೆ. ಹೆಣ್ಣಿನದು ಮೊಟ್ಟೆಯಿಡುವ ಕಾಲ ಹತ್ತಿರವಾಗುವವರೆಗೆ ತೆಳು ಹಳದಿಯಾಗಿಯೇ ಇರುತ್ತದೆ. ತಳಿ ಮುಖ್ಯವಾಗುವುದು ಇಲ್ಲಿಯೇ. ಮೊಟ್ಟೆಗೆಂದೇ ಸಾಕುವ ಬಿಳಿ ಲೆಗ್‌ಹಾರ್ನ್ ತಳಿಯ ರಕ್ತವಿರುವ ಹೆಣ್ಣುಮರಿಗೂ ಜುಟ್ಟು ದೊಡ್ಡದು. ಅದನ್ನು ಪಕ್ಕದ ನಾಟಿಮರಿಗೆ ಹೋಲಿಸಿದರೆ ಹುಂಜವೆಂದೇ ತೋರುತ್ತದೆ. ಅಸೀಲ್‌ನ ಗಿಡ್ಡ ಜುಟ್ಟಿನಲ್ಲಿ ವ್ಯತ್ಯಾಸ ಎದ್ದು ಕಾಣುವುದಿಲ್ಲ. ಕಡಕ್‌ನಾಥ್‌ನಲ್ಲಿ ಜುಟ್ಟೇ ಕಪ್ಪಾದ್ದರಿಂದ ಬಣ್ಣದ ಬದಲು ಅದರ ಗಾತ್ರ ನೋಡಬೇಕಾಗುತ್ತದೆ. ಒಂದೇ ತಳಿಯ, ಒಂದೇ ವಯಸ್ಸಿನ ಮರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಜುಟ್ಟನ್ನು ನಂಬಬಹುದು.

ನಾನು ಹೆಚ್ಚು ನಂಬುವುದು ಬೆನ್ನಿನ ಗರಿಯನ್ನು. ಹತ್ತು ಹನ್ನೆರಡು ವಾರ ಕಳೆದ ಮೇಲೆ ಬಾಲದ ಬುಡದಲ್ಲಿ, ಬೆನ್ನಿನ ಇಕ್ಕೆಲಗಳಲ್ಲಿ ಹೊಸ ಗರಿ ಮೂಡುತ್ತದೆ. ಹುಂಜಕ್ಕೆ ಅದು ಕಿರಿದಾಗಿ, ತುದಿ ಚೂಪಾಗಿ, ಹೊಳೆಯುತ್ತಾ ಇಳಿಬೀಳುತ್ತದೆ; ಹ್ಯಾಟೆಗೆ ಅಗಲವಾಗಿ, ತುದಿ ಗುಂಡಾಗಿರುತ್ತದೆ. ವಿಚಿತ್ರವೆಂದರೆ, ಚೂಪು ಗರಿ ಬರಲು ಗಂಡುಹಾರ್ಮೋನು ಬೇಕಿಲ್ಲ. ಗುಂಡು ಗರಿ ಬರಲು ಅಂಡಾಶಯದ ಈಸ್ಟ್ರೋಜೆನ್ ಎಂಬ ಹೆಣ್ಣುಹಾರ್ಮೋನು ಬೇಕು, ಅದಿಲ್ಲದ ಕೋಳಿಗೆ ತಾನಾಗಿಯೇ ಹುಂಜದ ಗರಿ ಬರುತ್ತದೆ. ಬೀಜ ತೆಗೆದ ಹುಂಜದ ಜುಟ್ಟು ಮುದುರಿಹೋದರೂ ಗರಿಯ ಮೆರುಗು ಹೋಗುವುದಿಲ್ಲ, ಅಂಡಾಶಯ ಕೆಟ್ಟ ಮುದಿ ಹ್ಯಾಟೆ ಒಮ್ಮೊಮ್ಮೆ ಹುಂಜದ ವೇಷ ತೊಡುತ್ತದೆ. ಜುಟ್ಟು ಒಂದು ಹಾರ್ಮೋನಿನ ಮಾತು, ಗರಿ ಇನ್ನೊಂದರ ಮಾತು. ಎರಡೂ ಒಂದೇ ಉತ್ತರ ಕೊಟ್ಟಾಗ ಅನುಮಾನಕ್ಕೆ ಎಡೆಯಿರುವುದಿಲ್ಲ.

ಕಾಡುಕೋಳಿಯ ಬಣ್ಣವುಳ್ಳ ನಾಟಿಯಲ್ಲಿ ಇನ್ನೂ ಮುಂಚೆ ಸುಳಿವು ಸಿಗುತ್ತದೆ. ಗಂಡುಮರಿಯ ಎದೆಯಲ್ಲಿ ಕಪ್ಪು ಗರಿಗಳೂ ಭುಜದಲ್ಲಿ ಕಡುಗೆಂಪು ಗರಿಗಳೂ ಇಣುಕತೊಡಗುತ್ತವೆ. ಹೆಣ್ಣಿನ ಎದೆ ಕಂದಾಗಿಯೇ ಉಳಿಯುತ್ತದೆ. ಇಡೀ ಮೈ ಬಿಳಿ ಅಥವಾ ಕಪ್ಪಾಗಿರುವ ಮರಿಗಳಲ್ಲಿ ಇದರಿಂದ ಪ್ರಯೋಜನವಿಲ್ಲ. ಕಾಲಿನ ಮುಳ್ಳನ್ನೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದರ ಮೊಳಕೆ ಎಳೆಯ ಹ್ಯಾಟೆಗೂ ಇರುತ್ತದೆ.

ಕೂಗಿದರೆ ಹುಂಜವೆನ್ನುವುದು ಬಹುಮಟ್ಟಿಗೆ ಸರಿ, ಆದರೆ ಕೂಗದಿದ್ದರೆ ಹ್ಯಾಟೆಯೆನ್ನಲಾಗದು. ಒಂದೇ ಗೂಡಿನಲ್ಲಿ ಮೂರು ನಾಲ್ಕು ಎಳೆಹುಂಜಗಳಿದ್ದಾಗ ಬಲಿಷ್ಠವಾದದ್ದು ಮೊದಲು ಕೂಗುತ್ತದೆ, ಉಳಿದವು ಅದಕ್ಕೆ ಹೆದರಿ ತಿಂಗಳುಗಟ್ಟಲೆ ತೆಪ್ಪಗಿದ್ದುಬಿಡಬಹುದು. ಮೊಟ್ಟೆಗೆಂದು ಅಂಥ ಮೌನಿಯನ್ನು ಕೊಳ್ಳುವ ಮುನ್ನ ಅದರ ಬಾಲದ ಬುಡದ ಗರಿಯನ್ನೊಮ್ಮೆ ಬಿಡಿಸಿ ನೋಡಿ.