ಅಂಗೈಗೆ ತಾಕಿದ ಹಕಾರ

ಮಂಡ್ಯ ಕಡೆಯ ನಮ್ಮ ಹಳ್ಳಿಯಲ್ಲಿ ಹಾಲನ್ನು ‘ಆಲು’ ಅಂತಲೇ ಅನ್ನೋದು. ಹೊಲ ‘ಒಲ’, ಹಸು ‘ಅಸ’. ಮೈಸೂರಿಗೆ ಡಿಗ್ರಿ ಓದಲು ಬರುವವರೆಗೂ ಅದರಲ್ಲಿ ಏನಾದರೂ ಕೊರೆ ಇದೆ ಅಂತ ನನಗೆ ಅನ್ನಿಸಿರಲೇ ಇಲ್ಲ.

ಪತ್ರಿಕೋದ್ಯಮದ ಕ್ಲಾಸಿನಲ್ಲಿ ಎರಡು ನಿಮಿಷ ನಿಮ್ಮೂರಿನ ಬಗ್ಗೆ ಮಾತಾಡಿ ಅಂದರು. ಎದ್ದು ನಿಂತು ‘ನಮ್ಮ ಅಳ್ಳಿ’ ಅಂದೆ. ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ಗಂಟಲು ಕಟ್ಟಿತು. ಉಳಿದದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿ ಕೂತುಬಿಟ್ಟೆ.

ಮೇಡಂ ನಕ್ಕವರನ್ನು ಬೈಯಲಿಲ್ಲ, ನನ್ನನ್ನು ತಿದ್ದಲೂ ಇಲ್ಲ. “ಎಲ್ಲರೂ ಅಂಗೈನ ಬಾಯಿ ಮುಂದೆ ಹಿಡ್ಕೊಳಿ. ‘ಅ’ ಅನ್ನಿ. ಈಗ ‘ಹ’ ಅನ್ನಿ” ಅಂದರು. ಎರಡನೆಯದಕ್ಕೆ ಅಂಗೈಗೆ ಬೆಚ್ಚನೆಯ ಉಸಿರು ತಾಕಿತು. ಆಮೇಲೆ ಕ, ಖ. ಬ, ಭ. ನಕ್ಕವರಲ್ಲೂ ಎಷ್ಟೋ ಜನಕ್ಕೆ ‘ಖ’ ಅಂದಾಗ ಉಸಿರು ತಾಕಲಿಲ್ಲ. ಅವರೂ ಮತ್ತೆ ಮತ್ತೆ ಅಂದು ನೋಡುತ್ತಿದ್ದರು.

ಕ್ಲಾಸು ಬಿಟ್ಟ ಮೇಲೆ ಕರೆದು, “ಮನೇಲಿ ಅಮ್ಮನ ಹತ್ರ ಆಲು ಅಂತಲೇ ಅನ್ನಪ್ಪ, ಅದೇನೂ ತಪ್ಪಲ್ಲ. ಮೈಕಿನ ಮುಂದೆ ಹಾಲು ಬೇಕು. ಎರಡೂ ನಿನ್ನ ಕೈಲಿರಲಿ” ಅಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ.

ಉಸಿರು ಎದೆಯಲ್ಲಲ್ಲ, ಹೊಟ್ಟೆ ಉಬ್ಬುವಂತೆ ತೆಗೆದುಕೊಳ್ಳಬೇಕು, ಮೈಕಿಗೂ ಬಾಯಿಗೂ ಒಂದು ಗೇಣು ದೂರ ಇರಬೇಕು ಅನ್ನೋದೆಲ್ಲ ಬೇಗ ಬಂತು. ಕಷ್ಟವಾದದ್ದು ನಿಲ್ಲಿಸುವುದು. ಪೇಪರಿನ ಸುದ್ದಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿಸುತ್ತಿದ್ದರು. ಅಲ್ಪವಿರಾಮಕ್ಕೆ ಒಂದು, ವಾಕ್ಯ ಮುಗಿದರೆ ಎರಡು. ನನಗೋ ಎರಡು ಗೆರೆಯ ಹತ್ತಿರ ನಿಂತರೆ ಮತ್ತೆ ಆ ನಗು ಕೇಳಿಸೀತೆಂಬ ಭಯ, ಹಾಗಾಗಿ ಓಡುತ್ತಲೇ ಇದ್ದೆ.

ಒಂದು ದಿನ ಮೇಡಂ ಎಲ್ಲರನ್ನೂ ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು. “1935ರಲ್ಲಿ ಇದೇ ಮೈಸೂರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೇಲೇ ರೇಡಿಯೋ ಶುರು ಮಾಡಿದ್ರು. ಕೇಳೋರಿಗೆ ಮುಖ ಕಾಣದು, ಕೈಸನ್ನೆ ಕಾಣದು, ದನಿ ಒಂದೇ. ಹಾಗೆ ಮಾತಾಡಿ.”

ನಾನು ಬೆಳಗಿನ ಜಾವ ಡೇರಿಗೆ ಹಾಲು ಹಾಕಲು ಹೋಗುವುದನ್ನು ಹೇಳಿದೆ. ಕೊಟ್ಟಿಗೆಯ ಕತ್ತಲು, ಕ್ಯಾನಿನ ಮುಚ್ಚಳದ ಸದ್ದು, ಡೇರಿ ಮುಂದಿನ ಸಾಲು. ‘ಹಾಲು’ ಅಂದಾಗಲೆಲ್ಲ ಅಂಗೈಯ ಆ ಬಿಸಿ ನೆನಪಾಗುತ್ತಿತ್ತು. ಎರಡು ಗೆರೆ ಬಂದ ಕಡೆ ನಿಂತೆ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ, ಎಲ್ಲರೂ ಕೇಳುತ್ತಿದ್ದರು. ಆಮೇಲೆ ಅಪ್ಪ ಕೂಗುವ ಮಾತು ಬಂತು. ಅದನ್ನು ಅಪ್ಪನ ಹಾಗೆಯೇ ಅಂದೆ: “ಬಿರ್‍ನೆ ನಡಿಯೋ ಮಗ, ಆಲು ಒಡ್ದೋಯ್ತದೆ.”